ಹೊಳೆಗೆ ಬಿಟ್ಟ ಲೀಲಕ್ಕ

ನಮ್ಮ ಮನೆಯ ಚಾವಡಿಯ ಗೋಡೆಯಲ್ಲಿ ಐದು ಪಟಗಳಿದ್ದವು. ಸುಬ್ರಹ್ಮಣ್ಯ ದೇವರು, ಕೊಳಲು ಹಿಡಿದ ಕೃಷ್ಣ, ಲಕ್ಷ್ಮಿ, ಮುಖ ಮಾಸಿ ಬರೇ ಮುಂಡಾಸು ಉಳಿದಿದ್ದ ನನ್ನ ಅಜ್ಜ, ಕೊನೆಯಲ್ಲಿ ಒಬ್ಬಳು ಚೀನೀ ಸಿನಿಮಾ ನಟಿ. ಬಂದವರು ಮೊದಲ ನಾಲ್ಕನ್ನು ದಾಟಿ ಐದನೆಯದರ ಎದುರು ನಿಂತುಬಿಡುತ್ತಿದ್ದರು. ಗಂಡಸಿನ ನಿಲುವಂಗಿ, ತಲೆಯ ಮೇಲೆ ಕಪ್ಪು ಟೋಪಿ, ಕೈಯಲ್ಲಿ ಬೀಸಣಿಗೆ. ಮುಖ ಮಾತ್ರ ಹೆಣ್ಣಿನದು. ಕೆಳಗೆ ಗುಬ್ಬಿಗೂಡಿನ ಹಾಗೆ ಹೆಣೆದುಕೊಂಡ ಅಕ್ಷರಗಳು. ಅವಳ ಹೆಸರು ಮೂರು ತುಂಡಿನದು. ಸೋದರಮಾವ ಅದನ್ನು ಹೇಳುವಾಗ ಸ್ವರ ಮೇಲೆ ಹೋಗಿ, ಇಳಿದು, ಮತ್ತೆ ಸ್ವಲ್ಪ ಮೇಲೇರುತ್ತಿತ್ತು. ಅಜ್ಜಿಯ ನಾಲಿಗೆಗೆ ಅಷ್ಟು ಹತ್ತಿ ಇಳಿಯಲು ಆಗಲಿಲ್ಲ. ಅವರು ಅದನ್ನು ಲೀಲಕ್ಕ ಮಾಡಿದರು. ನಮಗೆಲ್ಲ ಅವಳು ಲೀಲಕ್ಕನೇ ಆದಳು.

ಮನೆ ಎಂದರೆ ಕಡಬ ಪೇಟೆಯಿಂದ ಕುಮಾರಧಾರೆ ಹೊಳೆಯ ಕಡೆಗೆ ಇಳಿಯುವ ಕಾಲುದಾರಿಯಲ್ಲಿ, ಮುಳಿಹುಲ್ಲಿನ ಮಾಡಿನ ಕೆಳಗೆ ಒಂದು ಚಾವಡಿ, ಒಂದು ಕೋಣೆ, ಒಂದು ಅಡುಗೆಮನೆ. ಜಾಗ ನಮ್ಮದಲ್ಲ. ಅಪ್ಪ ಮರ ಕೊಯ್ಯುವವರು. ಉದ್ದ ಗರಗಸದ ಒಂದು ತುದಿ ಅವರದು, ಇನ್ನೊಂದು ತುದಿ ಯಾರು ಸಿಕ್ಕಿದರೆ ಅವರದು. ಕುಂಬ್ರ, ಸುಳ್ಯ, ಮಂಡೆಕೋಲು ಎಂದು ಕೆಲಸ ಇದ್ದಲ್ಲಿಗೆ ಹೋಗಿ ವಾರಕ್ಕೊಮ್ಮೆ ಕಿವಿಯೊಳಗೆಲ್ಲ ಮರದ ಹುಡಿ ತುಂಬಿಸಿಕೊಂಡು ಬರುತ್ತಿದ್ದರು. ಅಮ್ಮ ಮೊಣಕಾಲ ಮೇಲೆ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಇಬ್ಬರಿಗೂ ಓದಲು ಬರೆಯಲು ಬರುತ್ತಿರಲಿಲ್ಲ. ನಮ್ಮ ಕುಟುಂಬದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅದು ಸುಮ್ಮನೆ ಬಂದದ್ದಲ್ಲ. ಮನೆಮಾತು ತುಳು. ಇಲ್ಲಿ ಎಲ್ಲರೂ ಕನ್ನಡ ಆಡುವ ಹಾಗೆ ಬರೆಯುತ್ತಿದ್ದೇನೆ, ಅಷ್ಟೆ.

ನಮ್ಮದು ಅಳಿಯಕಟ್ಟಿನ ಮನೆ. ಮಕ್ಕಳನ್ನು ಎಲ್ಲಿಗೆ ಕೊಡುವುದು, ಏನು ಮಾಡಿಸುವುದು ಎಂಬ ಮಾತು ಸೋದರಮಾವನದು. ನಮ್ಮ ಐತಪ್ಪ ಮಾವ ಹುಡುಗನಾಗಿದ್ದಾಗ ಊರು ಬಿಟ್ಟು ಹಡಗು ಹತ್ತಿದವರು. ಸಿಂಗಾಪುರದಲ್ಲಿ ಒಂದು ಚೀನೀ ಟಾಕೀಸಿನ ಬಾಗಿಲಲ್ಲಿ ನಿಂತು ಟಿಕೇಟು ಹರಿಯುತ್ತ ಇಪ್ಪತ್ತು ವರ್ಷ ಕಳೆದು, ನಾನು ಮೂರನೆಯ ಕ್ಲಾಸಿನಲ್ಲಿದ್ದಾಗ ಒಂದು ಕಬ್ಬಿಣದ ಪೆಟ್ಟಿಗೆ ಮತ್ತು ಉಬ್ಬಸದ ಕಾಯಿಲೆಯೊಂದಿಗೆ ಹಿಂದೆ ಬಂದರು. ಪೆಟ್ಟಿಗೆಯಲ್ಲಿ ಚಿನ್ನ ಇರಬಹುದೆಂದು ಊರು ಕಾದಿತ್ತು. ಇದ್ದದ್ದು ನಾಲ್ಕು ಅಂಗಿ, ಒಂದು ಕೊಡೆ, ಮತ್ತು ಸುರುಳಿ ಸುತ್ತಿದ ಲೀಲಕ್ಕ. ಅಪ್ಪ ಹಾಲೆಮರದ ಚೌಕಟ್ಟು ಮಾಡಿ, ಪುತ್ತೂರಿನಿಂದ ಗಾಜು ತರಿಸಿ ಕೂರಿಸಿದರು. ಮಾವನಿಗೆ ಮಲಾಯಿ, ತಮಿಳು, ಒಂದು ಬಗೆಯ ಚೀನೀ ಎಲ್ಲ ಮಾತಾಡಲು ಬರುತ್ತಿತ್ತು. ಓದಲು ಯಾವುದೂ ಬರುತ್ತಿರಲಿಲ್ಲ.

ಸಂಜೆ ಗಂಜಿ ಉಣ್ಣುವಾಗ ಲೀಲಕ್ಕನ ಕಥೆ ನಡೆಯುತ್ತಿತ್ತು. ಒಂದೊಂದು ಸಿನಿಮಾವನ್ನೂ ಮೂವತ್ತು ಸಲ ನೋಡಿದವರು ಮಾವ. ಜೊತೆಗೆ ಕೆಲಸ ಮಾಡುತ್ತಿದ್ದ ಚೀನೀ ಗೆಳೆಯ ಪತ್ರಿಕೆಗಳಿಂದ ಓದಿ ಹೇಳಿದ್ದು ಬೇರೆ. ಅವಳು ಹುಟ್ಟಿದ್ದು ದೊಡ್ಡ ನದಿಯ ದಡದ ಒಂದು ಪಟ್ಟಣದಲ್ಲಿ. ಅಪ್ಪ ದೋಣಿಗೆ ಹೊರೆ ಹೊರುವವನು. ಅವನು ಸತ್ತ ಮೇಲೆ ತಾಯಿ ಅವಳನ್ನು ಹಾಡು ಕುಣಿತದ ಮೇಳವೊಂದಕ್ಕೆ ಕೊಟ್ಟುಬಿಟ್ಟಳು. ಅಲ್ಲಿ ಬೆಳಗ್ಗೆ ತಲೆಯ ಮೇಲೆ ನೀರಿನ ಬಟ್ಟಲು ಇಟ್ಟು ನಿಲ್ಲಿಸುತ್ತಿದ್ದರು, ಚೆಲ್ಲಿದರೆ ಊಟವಿಲ್ಲ. ಯುದ್ಧ ಬಂತು, ಮೇಳ ಚದುರಿತು. ಅವಳು ಹಾಂಗ್‌ಕಾಂಗಿಗೆ ಓಡಿಬಂದಳು. ಅಲ್ಲಿ ಚಾ ಅಂಗಡಿಗಳಲ್ಲಿ ಹಾಡಿದಳು. ಮೊದಲ ಸಿನಿಮಾದಲ್ಲಿ ಅವಳ ಪಾತ್ರ ತಟ್ಟೆ ಹಿಡಿದು ಬಂದು, ಇಟ್ಟು, ಹೋಗುವುದು. ಆ ನಡೆಯನ್ನು ಮಾವ ಅಡುಗೆಮನೆಯಿಂದ ಚಾವಡಿಗೆ ಚಟ್ನಿಯ ಬಟ್ಟಲು ಹಿಡಿದು ನಡೆದು ತೋರಿಸುತ್ತಿದ್ದರು. ಎರಡು ವರ್ಷದಲ್ಲಿ ಅವಳು ನಾಯಕಿಯಾದಳು. ಆಮೇಲೆ, ಯಾರೂ ನೆನೆಸದ ಹಾಗೆ, ನಾಯಕನೂ ಆದಳು. ಗಂಡು ವೇಷ ಹಾಕಿ ಹಾಡುವ ಚಿತ್ರಗಳಲ್ಲಿ ಅವಳನ್ನು ನೋಡಲು ಹೆಂಗಸರು ಅಡುಗೆ ಬಿಟ್ಟು ಬರುತ್ತಿದ್ದರಂತೆ.

"ಹೆಣ್ಣು ಗಂಡು ವೇಷ ಹಾಕುದಾ?" ಎಂದು ಅಮ್ಮ ಮೊದಲ ಸಲ ಕೇಳಿದಾಗ ಉತ್ತರ ಕೊಟ್ಟದ್ದು ಅಜ್ಜಿ.

"ಅದರಲ್ಲಿ ಎಂತ ಉಂಟು? ನಮ್ಮ ಬಯಲಾಟದಲ್ಲಿ ಗಂಡಸರು ಸೀತೆ ಆಗುದಿಲ್ವಾ? ಅಲ್ಲಿ ಹೆಂಗಸು ರಾಮ ಆಗ್ತಾಳೆ. ಅಲ್ಲಿಗಲ್ಲಿಗೆ ಸರಿ ಆಯ್ತು."

ಅವಳ ಬದುಕಿನ ಒಂದು ತುಂಡನ್ನು ಮಾತ್ರ ಮಾವ ನಗಿಸದೆ ಹೇಳುತ್ತಿದ್ದರು. ಲೀಲಕ್ಕನಿಗೆ ಅಕ್ಷರ ಗೊತ್ತಿರಲಿಲ್ಲ. ಸಿನಿಮಾ ಕಂಪೆನಿಯವರು ಕಾಗದ ತಂದು ಎಲ್ಲಿ ತೋರಿಸಿದರೋ ಅಲ್ಲಿ ಹೆಬ್ಬೆಟ್ಟು ಒತ್ತಿದಳು. ಆಮೇಲೆ ತಿಳಿಯಿತು, ಎಂಟು ವರ್ಷ ಬೇರೆಲ್ಲೂ ಹಾಡಬಾರದು, ಮದುವೆಯಾಗಬಾರದು, ಕೊಟ್ಟ ಪಾತ್ರ ಬೇಡ ಅನ್ನಬಾರದು. ಊರಿಡೀ ಅವಳ ಮುಖ, ಅವಳಿಗೆ ಮಾತ್ರ ಅವಳ ಮೇಲೆ ಅಧಿಕಾರವಿಲ್ಲ. ಇಪ್ಪತ್ತೆರಡನೆಯ ವಯಸ್ಸಿಗೆ ಒಬ್ಬ ಮುದುಕ ಮೇಷ್ಟ್ರನ್ನು ಇಟ್ಟುಕೊಂಡು, ಬಣ್ಣ ಹಚ್ಚಿಸಿಕೊಳ್ಳುವ ಕನ್ನಡಿಯ ಮುಂದೆ ಅಕ್ಷರ ಕಲಿಯತೊಡಗಿದಳು. ಎಂಟು ವರ್ಷ ಮುಗಿದ ದಿನ ಹೊಸ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ತಾನೇ ಓದಿ, ಮೂರು ಕಡೆ ಗೆರೆ ಎಳೆದು ಹಿಂದೆ ಕಳಿಸಿದಳಂತೆ. ನಾನು ನೌಕರಿಗೆ ಸೇರಿದ ಮೇಲೆ ಮಾವನ ಗೆಳೆಯ ಇಂಗ್ಲಿಷಿನಲ್ಲಿ ಬರೆಸಿದ ಕಾಗದದಿಂದ ಗೊತ್ತಾಯಿತು, ಹೆಸರು ತುದಿಯಲ್ಲಿದ್ದಾಗಲೇ ಅವಳು ಚಿತ್ರರಂಗ ಬಿಟ್ಟು ಹುಡುಗಿಯರಿಗೆ ಹಾಡು ಕಲಿಸುತ್ತ ಕೂತಳು ಎಂದು. ಆದರೆ ಚಾವಡಿಯಲ್ಲಿ ಕೂತು ಕೇಳುತ್ತಿದ್ದ ನನ್ನ ಮನಸ್ಸಿಗೆ ಇಳಿದದ್ದು ಆ ಮೂರು ಗೆರೆಗಳು.

"ಗುಲಾಬಿ ಪುತ್ತೂರಿನ ಹೈಸ್ಕೂಲಿಗೆ ಹೋಗ್ತಾಳೆ. ಅಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ಉಂಟು, ನಾನು ವಿಚಾರಿಸಿದ್ದೇನೆ," ಎಂದು ಮಾವ ನನ್ನ ಬಗ್ಗೆ ಹೇಳಿದ್ದು ನಾನು ಏಳನೆಯ ಕ್ಲಾಸಿನಲ್ಲಿದ್ದಾಗ. ಅಪ್ಪ ಅನ್ನದ ಬಟ್ಟಲಿನಿಂದ ಮುಖ ಎತ್ತಲಿಲ್ಲ.

"ಅಷ್ಟು ದೂರ ಹೋಗಿ ಎಂತ ಆಗ್ಲಿಕ್ಕುಂಟು ಭಾವ? ಎಂಟು ಆದ್ರೆ ಧಾರಾಳ."

"ನಾನು ಇರುವವರೆಗೆ ಅವಳ ಮಾತು ನನ್ನದು."

ಅಪ್ಪ ಕೆಟ್ಟವರಲ್ಲ. ಅವರಿಗೆ ಹೆದರಿಕೆ, ಅಷ್ಟೆ. ಕಾಗದ, ಆಫೀಸು, ಖಾಕಿ ಬಟ್ಟೆ, ಪೇಟೆಯ ಬಸ್‌ಸ್ಟ್ಯಾಂಡು ಎಲ್ಲವೂ ಅವರಿಗೆ ಮರ ಯಾವ ಕಡೆ ಬೀಳುತ್ತದೆಂದು ಗೊತ್ತಾಗದೆ ಅದರ ಬುಡದಲ್ಲಿ ನಿಂತ ಹಾಗೆ. ಆದ್ದರಿಂದ ನನಗೆ ಒಂದು ವಿಷಯ ಚೆನ್ನಾಗಿ ಅರ್ಥವಾಗಿತ್ತು: ಮಾವ ಇದ್ದರೆ ಪುತ್ತೂರು, ಮಾವ ಇಲ್ಲದಿದ್ದರೆ ಬೀಡಿ. ಅವರ ಉಬ್ಬಸ ಜೋರಾದಾಗಲೆಲ್ಲ ನಾನು ಪುಸ್ತಕ ಮುಚ್ಚಿ ಅವರ ಉಸಿರು ಕೇಳುತ್ತ ಕೂರುತ್ತಿದ್ದೆ.

ನಾನು ಎಂಟನೆಯ ಕ್ಲಾಸಿನಲ್ಲಿದ್ದಾಗ ಚೀನಾದವರೊಂದಿಗೆ ಯುದ್ಧ ಬಂತು. ಮೇಷ್ಟ್ರು ಕಪ್ಪು ಹಲಗೆಯ ಮೇಲೆ ಹಿಮಾಲಯ ಬರೆದು, ಮೇಲಿನಿಂದ ಕೆಳಕ್ಕೆ ಬಾಣಗಳನ್ನು ಹಾಕಿದರು. ಪ್ರತಿದಿನ ಬಾಣಗಳು ಸ್ವಲ್ಪ ಕೆಳಗೆ ಬರುತ್ತಿದ್ದವು. ಪಟೇಲರ ಜಗಲಿಯ ರೇಡಿಯೋದ ಸುತ್ತ ಗಂಡಸರು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ದೊಡ್ಡ ಪಟ್ಟಣಗಳಲ್ಲಿ ಚೀನೀಯರನ್ನು, ಅವರ ಜೊತೆ ಸಂಪರ್ಕ ಇದ್ದವರನ್ನು ಎಲ್ಲಿಗೋ ಒಯ್ಯುತ್ತಿದ್ದಾರೆಂದು ಸುದ್ದಿ ಹಬ್ಬಿತು. ನಿನ್ನೆಯವರೆಗೆ 'ಸಿಂಗಾಪುರ ಐತಪ್ಪಣ್ಣ' ಆಗಿದ್ದ ಮಾವನನ್ನು ನೋಡಿ ಕಡಬದ ಹೋಟೆಲಿನಲ್ಲಿ ಒಬ್ಬ ಕೇಳಿದ:

"ಎಂತ ಐತಪ್ಪಣ್ಣ, ನಿಮ್ಮವರು ಎಲ್ಲಿವರೆಗೆ ಬಂದ್ರು?"

"ನಿನ್ನ ಅತ್ತೆಮನೆವರೆಗೆ. ನಿನ್ನ ಅತ್ತೆಯನ್ನು ನೋಡಿ ವಾಪಾಸು ಹೋದ್ರಂತೆ," ಎಂದರು ಮಾವ. ಹೋಟೆಲು ನಕ್ಕಿತು. ಮಾವ ಚಾ ಅರ್ಧದಲ್ಲೇ ಬಿಟ್ಟು ಎದ್ದು ಬಂದರು. ಮಾರನೆಯ ದಿನದಿಂದ ಅಲ್ಲಿಗೆ ಹೋಗಲಿಲ್ಲ.

ಮನೆಯಲ್ಲಿ ಮಾತು ಸಣ್ಣದಾಯಿತು. ನಮ್ಮನ್ನು ನಗಿಸಲು ಮಾವ ಬಿದಿರಿನಿಂದ ಮಾಡಿಕೊಂಡಿದ್ದ ಊಟದ ಕಡ್ಡಿಗಳನ್ನು ಅಮ್ಮ ಒಲೆಗೆ ಹಾಕಿದರು. ಕಾಲುದಾರಿಯಲ್ಲಿ ಒಣ ಎಲೆ ಸದ್ದಾದರೆ ಅವರ ಕೈಯ ಬೀಡಿ ನಿಲ್ಲುತ್ತಿತ್ತು. ಸಿಂಗಾಪುರದ ಗೆಳೆಯನ ಕಾಗದ ಬಂದರೆ, ಲಕೋಟೆಯ ಮೇಲೆ ಆ ಅಕ್ಷರ ಇದ್ದರೆ ಎಂದು ಅಂಚೆಯವನನ್ನು ಕಂಡರೆ ಎಲ್ಲರೂ ಒಳಗೆ ಸರಿಯುತ್ತಿದ್ದರು. ಆ ವಾರ ಅಪ್ಪ ಮಂಡೆಕೋಲಿನ ಕೆಲಸ ಅರ್ಧಕ್ಕೆ ಬಿಟ್ಟು ಬಂದರು. ಚಪ್ಪಲಿ ಬಿಚ್ಚುವ ಮೊದಲೇ ಗೋಡೆಯ ಐದನೆಯ ಪಟಕ್ಕೆ ಕೈ ತೋರಿಸಿದರು.

"ಅದನ್ನು ಸುಟ್ಟುಬಿಡುವ. ಅಲ್ಲಿ ಕೇರಳದ ಗಡಿಯಲ್ಲಿ ಪೊಲೀಸರು ಎಲ್ಲರನ್ನೂ ಕೇಳ್ತಾ ಇದ್ದಾರೆ."

ಮಾವ ಆಗಲಿ ಎಂದು ತಲೆಯಾಡಿಸಿದರು. ಅಪ್ಪ ಪಟವನ್ನು ಇಳಿಸಿದರು. ಆಗ ಅಜ್ಜಿ ಅಡುಗೆಮನೆಯಿಂದ ಬಂದು ಒಲೆಗೆ ಅಡ್ಡ ನಿಂತರು.

ಇಲ್ಲಿ ಅಜ್ಜಿಯ ದೀಪದ ವಿಷಯ ಹೇಳಬೇಕು. ಮುಸ್ಸಂಜೆಗೆ ಅವರು ಎಣ್ಣೆದೀಪ ಹಿಡಿದು ತುಳಸಿಗೆ, ಹುಲ್ಲಿನಲ್ಲಿ ಕಟ್ಟಿಟ್ಟ ಅಕ್ಕಿಯ ಮುಡಿಗೆ, ದನದ ಕೊಟ್ಟಿಗೆಗೆ, ಆಮೇಲೆ ಗೋಡೆಯ ಪಟಗಳಿಗೆ ತೋರಿಸುತ್ತಿದ್ದರು. ಲೀಲಕ್ಕ ಸಾಲಿನ ಕೊನೆಯಲ್ಲಿದ್ದದ್ದರಿಂದ ಅವಳಿಗೂ ದೀಪ ಸಿಗುತ್ತಿತ್ತು. ಅವಳು ದೇವರಲ್ಲ ಎಂದು ಅಜ್ಜಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಅಮ್ಮ ಒಮ್ಮೆ ಕೇಳಿದ್ದಕ್ಕೆ, "ಪಂಕ್ತಿಯಲ್ಲಿ ಕೂತವರಲ್ಲಿ ಒಬ್ಬರನ್ನು ಬಿಟ್ಟು ಬಡಿಸ್ತೀಯಾ ನೀನು?" ಎಂದಿದ್ದರು. ಹಾಗೆ ಐದು ವರ್ಷ ದೀಪ ಕಂಡ ಪಟ ಅದು.

"ದೀಪ ತೋರಿಸಿದ್ದನ್ನು ಒಲೆಗೆ ಹಾಕ್ಲಿಕ್ಕೆ ನಾನು ಬಿಡುದಿಲ್ಲ. ಬೇಡ ಅಂತಾದ್ರೆ ಹರಿಯುವ ನೀರಿಗೆ ಬಿಡಿ."

"ಅಮ್ಮ, ಗಾಜು ಚೌಕಟ್ಟು ತೆಗೆದು ಬರೇ ಕಾಗದ ಬಿಡುವ, ಕರಗಿ ಹೋಗ್ತದೆ," ಎಂದರು ಮಾವ.

"ಮನೆಯಿಂದ ಹೋಗುವ ಹೆಣ್ಣನ್ನು ಇದ್ದದ್ದು ಕಿತ್ತುಕೊಂಡು ಕಳಿಸುದಾ? ಇದ್ದ ಹಾಗೆ ಬಿಡಿ."

ಅಜ್ಜಿಯ ಎದುರು ಆ ಮನೆಯಲ್ಲಿ ಯಾರೂ ಎರಡನೆಯ ಸಲ ಮಾತಾಡಿದವರಲ್ಲ. ಬೆಳಕು ಹರಿಯುವ ಹೊತ್ತಿಗೆ ನಾನು, ಮಾವ, ಅಜ್ಜಿ ಹೊಳೆಗೆ ಇಳಿದೆವು. ಅಜ್ಜಿ ದಾಸವಾಳದ ಒಂದು ಮಾಲೆ ಹಾಕಿ, ಹಣೆಗೆ ಕುಂಕುಮ ಇಟ್ಟು, ನೀರಿಗೆ ತಳ್ಳಿದರು. ಮುಳುಗಲಿಲ್ಲ. ಹಾಲೆಮರ ಬೆಂಡಿನಷ್ಟು ಹಗುರ, ಅಪ್ಪ ಬಿಗಿದ ಚೌಕಟ್ಟಿನೊಳಗೆ ನೀರು ಹೋಗಲು ಸಂದು ಇರಲಿಲ್ಲ. ಲೀಲಕ್ಕ ಆಕಾಶ ನೋಡುತ್ತ, ಬೀಸಣಿಗೆ ಹಿಡಿದು, ನಿಧಾನವಾಗಿ ತಿರುವು ದಾಟಿ ಹೋದಳು. ಮಾವ ಕಣ್ಣು ಒರೆಸಿಕೊಂಡರು. ನಾನು ಮಾತ್ರ ಆ ತಿರುವನ್ನೇ ನೋಡುತ್ತ ನಿಂತೆ. ಮುಳುಗಬೇಕಾದದ್ದು ಮುಳುಗಿರಲಿಲ್ಲ.

ಕೆಳಗಿನ ಕಡವಿನಲ್ಲಿ ದೋಣಿ ನಡೆಸುವವನಿಗೆ ಅದು ಸಿಕ್ಕಿತು. ಚೀನೀ ಅಕ್ಷರ, ಕುಂಕುಮ, ಮಾಲೆ! ಅವನು ಮುಟ್ಟಲು ಹೆದರಿ ಹುಟ್ಟಿನ ತುದಿಯಿಂದ ದಡಕ್ಕೆ ಎಳೆದು, ಬಾಳೆಎಲೆಯಲ್ಲಿ ಸುತ್ತಿ ಪಟೇಲರಿಗೆ ಒಪ್ಪಿಸಿದನಂತೆ. ಎರಡು ದಿನದಲ್ಲಿ ಸುದ್ದಿ ಶಾಲೆಗೆ ಬಂತು. ಹೊಳೆಯ ಮೇಲ್ಭಾಗದಲ್ಲಿ ಯಾರೋ ಚೀನಾದ ರಾಣಿಗೆ ಪೂಜೆ ಮಾಡುತ್ತಿದ್ದಾರೆ, ಪಟದ ಹಿಂದೆ ಗುಟ್ಟಿನ ಬರಹ ಉಂಟು, ಎಂದೆಲ್ಲ. ನನ್ನ ಪಕ್ಕ ಕೂರುತ್ತಿದ್ದವಳು ಪುಸ್ತಕಗಳನ್ನು ಎತ್ತಿಕೊಂಡು ಹಿಂದಿನ ಸಾಲಿಗೆ ಹೋದಳು. ಆ ಪಟ ನಮ್ಮ ಗೋಡೆಯಲ್ಲಿದ್ದದ್ದನ್ನು ನೋಡದವರೇ ಊರಲ್ಲಿ ಇರಲಿಲ್ಲ.

ಮಾರನೆಯ ದಿನ ಬೆಳಗ್ಗೆ ಪಟೇಲರ ಆಳು, ನಾವು ಉಗ್ರಾಣಿ ಎಂದು ಕರೆಯುತ್ತಿದ್ದವನು, ಅಂಗಳದಲ್ಲಿ ನಿಂತು ಕೂಗಿದ:

"ಐತಪ್ಪಣ್ಣ, ಪಟೇಲ್ರು ಬರ್ಲಿಕ್ಕೆ ಹೇಳಿದ್ದಾರೆ. ಪೊಲೀಸು ಬಂದಿದ್ದಾರೆ. ಈಗಲೇ."

ಅಮ್ಮನ ಗೆರಸೆ ಮಗುಚಿತು. ಅಪ್ಪ ನನ್ನ ಚೀಲವನ್ನು ಗೂಟದಿಂದ ತೆಗೆದು ಒಳಗಿನ ಕೋಣೆಗೆ ಎಸೆದರು.

"ಇನ್ನು ಶಾಲೆ ಬೇಡ. ಯಾರೂ ಎಲ್ಲಿಗೂ ಹೋಗುದು ಬೇಡ. ಓದು, ಸಿಂಗಾಪುರ, ಸಿನಿಮಾ, ಎಲ್ಲ ಸೇರಿ ಇಲ್ಲಿಗೆ ತಂತು."

ಮಾವ ಅಂಗಿ ಹಾಕಿಕೊಂಡರು. ಗುಂಡಿಗಳನ್ನು ಒಂದು ಕೆಳಗೆ ಒಂದು ಮೇಲೆ ಹಾಕಿದ್ದರು. ಬಾಗಿಲಲ್ಲಿ ತಿರುಗಿ ನಿಂತು ನನ್ನನ್ನು ಕರೆದರು.

"ಗುಲಾಬಿ, ಬಾ. ಅವರು ಎಂತಾದರೂ ಬರೀತಾರೆ. ಓದ್ಲಿಕ್ಕೆ ನಮ್ಮವರು ಒಬ್ಬರು ಬೇಕು."

ಅಪ್ಪ ಅಡ್ಡ ಬರಲಿಲ್ಲ. ಬಾ ಎಂದೂ ಹೇಳಲಿಲ್ಲ. ನಾನು ಹೋದೆ. ದಾರಿಯುದ್ದಕ್ಕೂ ಮಾವನ ಉಬ್ಬಸ ಸೀಟಿ ಹೊಡೆಯುತ್ತಿತ್ತು. ನನಗೆ ಮಾವನ ಮೇಲಿನ ಕನಿಕರಕ್ಕಿಂತ ಹೆಚ್ಚಾಗಿ ನನ್ನ ಪುತ್ತೂರಿನದ್ದೇ ಚಿಂತೆ ಇತ್ತು. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಆದರೆ ಇದ್ದದ್ದು ಹಾಗೆ.

ಪಟೇಲರ ಜಗಲಿಯಲ್ಲಿ ಲೀಲಕ್ಕ ಕಂಬಕ್ಕೆ ಒರಗಿ ಕೂತಿದ್ದಳು. ಗಾಜಿನ ಮೇಲೆ ಕೆಸರಿನ ಒಂದು ಗೆರೆ, ಬೇರೇನೂ ಆಗಿರಲಿಲ್ಲ. ಬೆಂಚಿನಲ್ಲಿ ಹೆಡ್ ಕಾನ್‌ಸ್ಟೇಬಲರು, ಮಡಿಲಲ್ಲಿ ಹಲಗೆ, ಹಲಗೆಯ ಮೇಲೆ ಕಾಗದ. ಮಾವ ಅಂಗಳದಲ್ಲೇ ನಿಂತು ಕೇಳಿದ್ದಕ್ಕೆಲ್ಲ ಹೇಳಿದರು. ಸಿಂಗಾಪುರಕ್ಕೆ ಹೋದದ್ದು, ಬಾಗಿಲು ಕಾದದ್ದು, ಪಟ ತಂದದ್ದು, ಹೆದರಿ ನೀರಿಗೆ ಬಿಟ್ಟದ್ದು.

"ಇವಳು ಯಾರು?"

"ಲೀಲಕ್ಕ ಸ್ವಾಮಿ."

ಉಗ್ರಾಣಿ ಬಾಯಿಗೆ ಹೆಗಲ ಬೈರಾಸು ಒತ್ತಿಕೊಂಡ. ಹೆಡ್ಡರು ನಗಲಿಲ್ಲ. ಬರೆದು ಮುಗಿಸಿ ಶಾಯಿಯ ಪೆಟ್ಟಿಗೆ ಮುಂದೆ ತಳ್ಳಿದರು. ಮಾವ ಹೆಬ್ಬೆರಳನ್ನು ಶಾಯಿಗೆ ಒತ್ತಿ ಮೇಲೆತ್ತಿ ಹಿಡಿದರು. ಕಾಗದಕ್ಕೆ ತಾಗಿಸಲಿಲ್ಲ.

"ನನ್ನ ಸೊಸೆ ಒಮ್ಮೆ ಓದ್ಲಿ."

"ಇವಳಾ?" ಎಂದು ಹೆಡ್ಡರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಓದು ಓದು, ನಾವೂ ಕೇಳುವ," ಎಂದು ಕಾಗದ ಕೊಟ್ಟರು.

ಓದಿದೆ. ಸದರಿ, ಯಾನೆ, ಎಂಬವನು ಎಂಬ ಮಾತುಗಳಲ್ಲಿ ಎಡವುತ್ತ ಓದಿದೆ. ಅರ್ಧ ಪುಟ ದಾಟಿದ ಮೇಲೆ ಮುಂದಿನ ಸಾಲು ಬಾಯಿಗಿಂತ ಮೊದಲು ಕಣ್ಣಿಗೆ ಬಿತ್ತು. 'ನನಗೆ ಚೀನಾ ದೇಶದ ಮೇಲೆ ಇರುವ ಭಕ್ತಿಯಿಂದ ಸದರಿ ಪಟವನ್ನು ನಿತ್ಯ ಪೂಜಿಸುತ್ತಿದ್ದೆ.' ಈ ಸಾಲನ್ನು ಬಿಟ್ಟು ಮುಂದಿನದಕ್ಕೆ ಹೋದರೆ ಅಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗೊತ್ತಾಗುವುದು ಮಾವನನ್ನು ಒಯ್ದ ಮೇಲೆ. ತಡೆದು ಹೇಳಿದರೆ ನನ್ನನ್ನೂ ಒಯ್ಯುತ್ತಾರೋ ಏನೋ. ಮೂತ್ರ ಬರುವ ಹಾಗಾಯಿತು. ಕಾಗದವನ್ನು ಕೆಳಗಿಳಿಸಿದೆ.

"ಇದು ಮಾವ ಹೇಳಿದ್ದಲ್ಲ."

"ಯಾವುದು?"

ನಾನು ಆ ಸಾಲನ್ನು ಗಟ್ಟಿಯಾಗಿ ಓದಿದೆ. "ಭಕ್ತಿ ಅಂತ ಮಾವ ಹೇಳ್ಲಿಲ್ಲ. ದೀಪ ತೋರಿಸಿದ್ದು ಅಜ್ಜಿ. ಅದೂ ಪೂಜೆ ಅಂತ ಅಲ್ಲ. ಸಾಲಿನಲ್ಲಿ ಇದ್ದಳು ಅಂತ."

"ಓದು ಅಂದದ್ದು, ತಿದ್ದು ಅಂತ ಹೇಳ್ಲಿಲ್ಲ ನಾನು. ದೀಪ ತೋರಿಸುದು ಅಂದ್ರೆ ಪೂಜೆ ಅಲ್ಲದೆ ಮತ್ತೆಂತ?"

"ಅಜ್ಜಿ ದನದ ಕೊಟ್ಟಿಗೆಗೂ ತೋರಿಸ್ತಾರೆ. ಅಕ್ಕಿಮುಡಿಗೂ ತೋರಿಸ್ತಾರೆ." ನನ್ನ ಸ್ವರ ನನಗೇ ಬೇರೆ ಯಾರದೋ ಹಾಗೆ ಕೇಳಿತು.

ಮಾವನ ಹೆಬ್ಬೆರಳು ಇನ್ನೂ ಗಾಳಿಯಲ್ಲೇ ಇತ್ತು, ಶಾಯಿ ಒಣಗುತ್ತಿತ್ತು. ಅಷ್ಟು ಹೊತ್ತು ಎಲೆಅಡಿಕೆ ಜಗಿಯುತ್ತ ಅಂಗಳ ನೋಡುತ್ತಿದ್ದ ಪಟೇಲರು ಎದ್ದುಹೋಗಿ ಉಗುಳಿ ಬಂದರು.

"ಅದು ಹೌದು ಸಾಹೇಬ್ರೆ. ನಮ್ಮಲ್ಲಿಯೂ ಹಾಗೆಯೇ. ನನ್ನ ಹೆಂಡತಿ ನಿನ್ನೆ ಸಂಜೆ ಈ ರೇಡಿಯೋಗೂ ದೀಪ ತೋರಿಸಿದ್ದಾಳೆ. ಅದರಲ್ಲಿ ಡೆಲ್ಲಿಯೂ ಬರ್ತದೆ, ಪೀಕಿಂಗೂ ಬರ್ತದೆ. ನಾನು ಯಾರ ಭಕ್ತ ಅಂತ ಬರೀತೀರಿ?"

ಹೆಡ್ಡರು ಪಟೇಲರನ್ನು ನೋಡಿದರು, ರೇಡಿಯೋವನ್ನು ನೋಡಿದರು. ಪೆನ್ನು ತೆಗೆದು ಆ ಸಾಲಿನ ಮೇಲೆ ಗೆರೆ ಎಳೆಯಲು ಹೋದವರು ನಿಲ್ಲಿಸಿ, ಇಡೀ ಕಾಗದವನ್ನು ಮಡಚಿ, ಹೊಸ ಹಾಳೆ ತೆಗೆದರು. ಈ ಸಲ ಒಂದೊಂದು ಸಾಲು ಬರೆದಾದ ಮೇಲೂ ನನ್ನ ಕಡೆಗೆ ಹಿಡಿದು "ಓದು" ಎಂದರು. ಅದು ಸಿಟ್ಟೋ ಮರ್ಯಾದೆಯೋ ತಿಳಿಯಲಿಲ್ಲ. ಮಾವ ಮತ್ತೆ ಶಾಯಿ ಮುಟ್ಟಿ ಹೆಬ್ಬೆಟ್ಟು ಒತ್ತಿದರು. ಕೆಳಗೆ 'ಓದಿ ಹೇಳಿದವರು' ಎಂದು ಬರೆದು ಹೆಡ್ಡರು ಪೆನ್ನನ್ನು ನನಗೇ ಕೊಟ್ಟರು. ಪಟ ಸರಕಾರದ ವಶಕ್ಕೆ ಹೋಯಿತು. ಮಾವ ಮನೆಗೆ ಹೋಗಬಹುದು; ಆದರೆ ಮುಂದಿನ ಹುಕುಂ ಬರುವವರೆಗೆ ಪ್ರತಿ ಸೋಮವಾರ ಸ್ಟೇಷನ್ನಿಗೆ ಬಂದು ಮುಖ ತೋರಿಸಬೇಕು. ಎಷ್ಟು ಸೋಮವಾರ ಎಂದು ಮಾವ ಕೇಳಿದರು. ಅದು ಯುದ್ಧವನ್ನು ಕೇಳಬೇಕು ಎಂದರು ಹೆಡ್ಡರು.

ಹೊರಗೆ ಬಂದರೆ ಪಟೇಲರ ಗದ್ದೆಯ ಅಂಚಿನಲ್ಲಿ ಅಪ್ಪ ನಿಂತಿದ್ದರು. ಯಾವಾಗ ಬಂದರೋ, ಎಷ್ಟು ಕೇಳಿದರೋ. ಮೂವರೂ ಮನೆಯ ಕಡೆಗೆ ನಡೆದೆವು. ಮಾವನ ಉಸಿರಿಗಾಗಿ ಎರಡು ಕಡೆ ನಿಂತೆವು. ಎರಡನೆಯ ಸಲ ನಿಂತಾಗ ಅಪ್ಪ ನನ್ನ ಕಡೆ ನೋಡದೆ ಕೇಳಿದರು.

"ಆ ಕಾಗದದಲ್ಲಿ ನನ್ನ ಹೆಸರು ಉಂಟಾ?"

"ಉಂಟು."

"ಯಾರು ಬರೆದದ್ದು? ಪೊಲೀಸರಾ?"

"ನಾನೇ ಬರೆದದ್ದು. ಬಾಬು ಎಂಬವರ ಮಗಳು ಗುಲಾಬಿ, ಅಂತ."

ಅಪ್ಪ ಮತ್ತೆ ನಡೆಯತೊಡಗಿದರು. ಮನೆಯ ತಿರುವು ಹತ್ತಿರ ಬಂದಾಗ ಮಾವನನ್ನು ಕೇಳಿದರು:

"ಭಾವ, ಆ ಪುತ್ತೂರಿನ ಹಾಸ್ಟೆಲಿನಲ್ಲಿ ಮಕ್ಕಳನ್ನು ನೋಡ್ಲಿಕ್ಕೆ ಯಾವ ದಿನ ಬಿಡ್ತಾರೆ?"

"ಆದಿತ್ಯವಾರ ಇರಬೇಕು. ಯಾಕೆ?"

"ಹಾಗಾದ್ರೆ ತೊಂದರೆ ಇಲ್ಲ. ಸೋಮವಾರ ನಿಮಗೆ ಸ್ಟೇಷನ್ ಉಂಟಲ್ಲ."

ಮಾವ ನಗಲು ಹೋಗಿ ಕೆಮ್ಮಿದರು. ನಾನು ಅಪ್ಪನ ಮುಖ ನೋಡಿದೆ. ಅವರು ತಮಾಷೆ ಮಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಅದು ತಮಾಷೆಯೇ ಆಗಿತ್ತೋ, ಅಲ್ಲ, ಅವರು ನಿಜವಾಗಿ ದಿನಗಳನ್ನು ಹೊಂದಿಸುತ್ತಿದ್ದರೋ, ನನಗೆ ಇವತ್ತಿಗೂ ಗೊತ್ತಿಲ್ಲ.